ನೇಯ್ದವರ ಹೆಸರೂ ಇರಲಿ

ಫ್ರಾನ್ಸ್‌ಗೆ ಬಂದವರು ಪ್ಯಾರಿಸ್ ನೋಡಿ ಹೊರಟುಬಿಡುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ಆಂಜೆ ಊರಿಗೂ ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿ 12ನೇ ಶತಮಾನದ ಹಳೆಯ ಆಸ್ಪತ್ರೆಯ ಹಜಾರದಲ್ಲಿ ಫ್ರೆಂಚ್ ಕಲಾವಿದ ಝಾನ್ ಲ್ಯೂರ್ಸಾ ಅವರ 'ಲೋಕದ ಹಾಡು' ಇದೆ. ಹತ್ತು ಟ್ಯಾಪೆಸ್ಟ್ರಿಗಳು, ಅಂದರೆ ಗೋಡೆಗೆ ತೂಗುಹಾಕುವ, ಚಿತ್ರ ನೇಯ್ದ ದಪ್ಪ ಬಟ್ಟೆಗಳು; ಎಲ್ಲಾ ಸೇರಿ ಸುಮಾರು 80 ಮೀಟರ್ ಉದ್ದ. ಕಪ್ಪು ಉಣ್ಣೆಯ ಮೇಲೆ ಹಿರೋಷಿಮಾದ ಸುಟ್ಟ ಮನುಷ್ಯ ಎದುರಾದಾಗ ಮಾತೇ ಹೊರಡುವುದಿಲ್ಲ. 1957ರಲ್ಲಿ ಶುರುವಾದ ಕೆಲಸ ಇದು. 1966ರಲ್ಲಿ ಲ್ಯೂರ್ಸಾ ತೀರಿಕೊಂಡಾಗಲೂ ಮುಗಿದಿರಲಿಲ್ಲ.

ಲ್ಯೂರ್ಸಾ ಮೂಲತಃ ಪೇಂಟರ್. ಅವರಿಗಿಂತ ಮೊದಲಿನ ಕಾಲದಲ್ಲಿ ನೇಕಾರರು ಪೇಂಟಿಂಗನ್ನು ಹಾಗೇ ಉಣ್ಣೆಯಲ್ಲಿ ನಕಲು ಮಾಡಬೇಕಿತ್ತು, ನೂರಾರು ಛಾಯೆಗಳು ಬೇಕಾಗುತ್ತಿದ್ದವು. ಲ್ಯೂರ್ಸಾ ಬಣ್ಣಗಳನ್ನು ನಲವತ್ತರ ಆಸುಪಾಸಿಗೆ ಇಳಿಸಿದರು, ನಕ್ಷೆಯಲ್ಲಿ ಬಣ್ಣದ ಬದಲು ನಂಬರ್ ಬರೆದರು. ಟ್ಯಾಪೆಸ್ಟ್ರಿಗೆ ಹೆಸರಾದ ಓಬ್ಯುಸೋನ್ ಊರಿನ ನೇಕಾರರು ಅಡ್ಡಮಗ್ಗದ ಹಾಸಿನ (ಉದ್ದದ ಎಳೆಗಳ) ಕೆಳಗೆ ಆ ನಕ್ಷೆ ಇಟ್ಟುಕೊಂಡು ನೇಯುತ್ತಾರೆ. ಅವರ ಕಣ್ಣಿಗೆ ಕಾಣುವುದು ಹಿಂಬದಿ ಮಾತ್ರ. ಮುಂಬದಿ ನೋಡಬೇಕಾದರೆ ಕೆಳಗೆ ಕನ್ನಡಿ ಹಿಡಿಯಬೇಕು!

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಒಂದು ಪದ್ಧತಿ. ಟ್ಯಾಪೆಸ್ಟ್ರಿಯ ಕೆಳಗೆ ಕಲಾವಿದರ ಸಹಿಯ ಜೊತೆ ನೇಯ್ದ ಕಾರ್ಖಾನೆಯ ಗುರುತನ್ನೂ ನೇಯುತ್ತಾರೆ. ಹಿಂದುಗಡೆ ಹೊಲಿದ ಪಟ್ಟಿಯಲ್ಲಿ ಕೃತಿಯ ಹೆಸರು, ಕಾರ್ಖಾನೆ, ಎಷ್ಟನೇ ಪ್ರತಿ, ಎಲ್ಲಾ ಇರುತ್ತದೆ. ಹಾಗಿದ್ದರೂ ಮಗ್ಗದ ಮುಂದೆ ಕೂತವರ ಹೆಸರು ಹೊರಗೆ ಬರುವುದು ಅಪರೂಪ. ಅದು ಅಲ್ಲಿಯೂ ಉಳಿದಿರುವ ಕೊರತೆ.

ನಮ್ಮಲ್ಲಿ ಅಷ್ಟೂ ಇಲ್ಲ. ನವಲಗುಂದದ ಜಮಖಾನೆ ನೋಡಿ. ನಿಂತ ಮಗ್ಗದಲ್ಲಿ ಹೆಂಗಸರು ಪಗಡೆ ಹಾಸು, ನವಿಲು ನೇಯುತ್ತಾರೆ. ಹೊಕ್ಕು (ಅಡ್ಡ ಎಳೆ) ಕೂರಿಸಲು ಕಬ್ಬಿಣದ ಪಂಜದಿಂದ ಬಡಿದು ಬಡಿದು ತೋಳು ಸೋಲುತ್ತದೆ. ಊರಿನ ಹೆಸರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಆದರೆ ನೇಯುವ ಹೆಂಗಸರು ಕೆಲವರೇ ಉಳಿದಿದ್ದಾರೆ. ಮನೆಗೆ ತಂದ ಜಮಖಾನೆ ಯಾರ ಕೈಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಳಕಲ್ ಸೀರೆಯದೂ ಇದೇ ಕಥೆ ಅಲ್ವಾ?

ಒಂದು ಬಟ್ಟೆಪಟ್ಟಿ ಹೊಲಿಯಲು ಎಷ್ಟು ಖರ್ಚು ಬಂದೀತು? ನೇಯ್ದವರ ಹೆಸರು, ಊರು, ವರ್ಷ, ಇಷ್ಟು ಸಾಕು. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಲು ನನ್ನಂಥ ಹೊರನಾಡಿನವರು ಖಂಡಿತ ತಯಾರಿದ್ದೇವೆ. ಅಂಗಡಿಗೆ ಹೋದಾಗ ನೀವೂ ಕೇಳಿ, ಇದನ್ನು ನೇಯ್ದವರು ಯಾರು ಅಂತ.