ಕೈಗಾ ಬಗ್ಗೆ ಹೆದರುವವರೇ, ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ

ಮೊನ್ನೆ ಯಲ್ಲಾಪುರದ ಕಡೆ ನಮ್ಮವರದೇ ಒಂದು ಗೃಹಪ್ರವೇಶ. ಊಟ ಆಗಿ ಜಗಲಿಯ ಮೇಲೆ ಕವಳ ಹಾಕುತ್ತ ಕೂತವರ ನಡುವೆ ಕೈಗಾ ಅಣು ವಿದ್ಯುತ್ ಸ್ಥಾವರದ ಮಾತು ಬಂತು. 700 ಮೆಗಾವ್ಯಾಟಿನ ಇನ್ನೆರಡು ಘಟಕ ಬರುತ್ತಲ್ಲ, ಅದರದ್ದೇ. "ಬಾಂಬ್ ಮಗ್ಗುಲಲ್ಲಿಟ್ಟುಕೊಂಡು ಮಲಗಿದ ಹಾಗೆ ಮಾರಾಯ" ಅಂದರು ಒಬ್ಬರು. ಉಳಿದವರೆಲ್ಲ ಹೌದು ಹೌದು. ಆ ಹೊತ್ತಿಗೆ ಹಿತ್ತಲ ಚಪ್ಪರದಡಿ ನಮ್ಮ ಅತ್ತಿಗೆ ಎರಡನೇ ಪಂಕ್ತಿಗೆ ಅನ್ನ ಬೇಯಿಸುತ್ತಿದ್ದರು. ಕಟ್ಟಿಗೆ ಹಸಿ, ಬೆಂಕಿ ಹತ್ತುತ್ತಿಲ್ಲ. ಊದುಗೊಳವೆಯಲ್ಲಿ ಊದೋದು, ಕೆಮ್ಮೋದು, ಸೆರಗಲ್ಲಿ ಕಣ್ಣೊರೆಸಿಕೊಂಡು ಮತ್ತೆ ಊದೋದು. ಹೊಗೆ ಜಗಲಿಯವರೆಗೂ ಬಂತು. ಬಾಂಬ್ ಅಂದವರು ಕೈಬೀಸಿ ಅದನ್ನು ಆಚೆ ತಳ್ಳಿ ಮಾತು ಮುಂದುವರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಅಮ್ಮನ ಉಬ್ಬಸದ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮೊದಲ ಸಲ ಶ್ವಾಸಕೋಶದ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು, "ಬೀಡಿ ಸಿಗರೇಟು ಯಾರಾದರೂ ಸೇದುತ್ತಾರಾ ಮನೆಯಲ್ಲಿ?" ಯಾರೂ ಇಲ್ಲ. "ಹಾಗಾದರೆ ಒಲೆ." ಅಷ್ಟೇ ಅವರು ಅಂದಿದ್ದು. ಮದುವೆಯಾಗಿ ಬಂದಾಗಿನಿಂದ ಅಡುಗೆಮನೆಯ ಒಲೆ, ಬಚ್ಚಲ ಒಲೆ, ಆಲೆಮನೆ ಹೊತ್ತಿಗೆ ಅದರ ಒಲೆ. ನಮ್ಮ ಹಳೇ ಅಡುಗೆಮನೆಯ ಜಂತಿ ಮುಟ್ಟಿದರೆ ಈಗಲೂ ಬೆರಳಿಗೆ ಅಂಟುವ ಕರಿ ಮಸಿ, ಜಿಗುಟು. ಅದೇ ಮಸಿ ಅವಳ ಎದೆಯೊಳಗೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರ ಒಂದೇ ವರ್ಷ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಇದರ ಬಗ್ಗೆ ಟಿವಿಯಲ್ಲಿ ಚರ್ಚೆ ನೋಡಿದ್ದೀರಾ? ಒಂದು ಮೆರವಣಿಗೆ? ನಾನಂತೂ ನೋಡಿಲ್ಲ. ಒಬ್ಬೊಬ್ಬರೇ, ತಮ್ಮ ತಮ್ಮ ಮನೆಯಲ್ಲಿ, ವಯಸ್ಸಾಯಿತು ಅನ್ನೋ ಹೆಸರಲ್ಲಿ ಹೋಗುವವರು ಸುದ್ದಿಯಾಗುವುದಿಲ್ಲ.

ವಿದ್ಯುತ್ತಿನ ಕಥೆಯೂ ಬೇರೆಯಲ್ಲ. ನೂರು ಕೋಟಿ ಯೂನಿಟ್ ಕರೆಂಟು ತಯಾರಿಸಲು ಎಷ್ಟು ಜೀವ ಹೋಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ. ಅಪಘಾತ, ಗಣಿ, ಹೊಗೆ ಎಲ್ಲ ಸೇರಿಸಿ. ಕಲ್ಲಿದ್ದಲಿಗೆ ಸುಮಾರು 25. ನೈಸರ್ಗಿಕ ಅನಿಲಕ್ಕೆ 3ರ ಹತ್ತಿರ. ಜಲವಿದ್ಯುತ್ತಿಗೆ 1.3. ಗಾಳಿ 0.04, ಅಣು 0.03, ಸೌರ 0.02. ಅಣುವಿನ ಆ 0.03ರಲ್ಲಿ ಚೆರ್ನೋಬಿಲ್, ಫುಕುಶಿಮಾ ಅಣು ದುರಂತಗಳೆರಡೂ ಸೇರಿವೆ. ಕಲ್ಲಿದ್ದಲಿನ 25 ಬಂದಿರೋದು ಯುರೋಪಿನ ಸ್ಥಾವರಗಳ ಮೇಲಿನ ಅಂದಾಜಿನಿಂದ, ಅಂದರೆ ನಮಗಿಂತ ಬಿಗಿ ನಿಯಮ ಇರುವ ಕಡೆಯದ್ದು. ನಮ್ಮಲ್ಲಿ ಗಂಧಕದ ಹೊಗೆ ತಡೆಯಿರಿ ಎಂದು 2015ರಲ್ಲಿ ನಿಯಮ ಬಂತು. ಗಡುವು 2017 ಇತ್ತು, ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಕಲ್ಲಿದ್ದಲು ಸ್ಥಾವರಗಳಿಗೆ ಆ ಹೊಗೆ ತಡೆಯುವ ಯಂತ್ರ ಬೇಡವೇ ಬೇಡ ಎಂದು ವಿನಾಯಿತಿ ಕೊಟ್ಟರು. ಜಗಲಿಯಲ್ಲಿ ಇದನ್ನು ಹೇಳಿದೆ. ಯಾರಿಗೂ ಸುದ್ದಿಯೇ ಗೊತ್ತಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟ ಊರಿನ ಹತ್ತಿರ ಒಂದು ಕಲ್ಲಿದ್ದಲು ಸ್ಥಾವರ ಇದೆ. ಹೆಸರು ಬೇಡ. ಬೇಸಿಗೆಯಲ್ಲಿ ಗಾಳಿ ಎದ್ದರೆ ಬೂದಿ ಹೊಂಡದಿಂದ ಹಾರಿ ಬಂದಿದ್ದು ಒಣಹಾಕಿದ ಹಪ್ಪಳದ ಮೇಲೆ ಸಣ್ಣಗೆ ಕೂರುತ್ತದೆ. ಅಕ್ಕ ಈಗ ಹಪ್ಪಳ ಮಾಡುವುದನ್ನೇ ಬಿಟ್ಟಿದ್ದಾಳೆ. ಅಲ್ಲಿಯ ಮಕ್ಕಳು ವರ್ಷವಿಡೀ ಉಸಿರಾಡುವುದು ಅದನ್ನೇ.

"ಚೆರ್ನೋಬಿಲ್ ಆದರೆ ಊರಿಗೆ ಊರೇ ಖಾಲಿಯಾಗುತ್ತದಲ್ಲ?" ಎಂದು ಜಗಲಿಯಲ್ಲಿ ಒಬ್ಬರು ಕೇಳಿದರು. ಆಗುತ್ತದೆ, ಆ ನೋವು ಸಾವಿನ ಲೆಕ್ಕದಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಫುಕುಶಿಮಾದಲ್ಲಿ ವಿಕಿರಣದಿಂದ ಎಂದು ಸರ್ಕಾರ ಒಪ್ಪಿಕೊಂಡ ಸಾವು ಒಂದು, ಆದರೆ ಅವಸರದಲ್ಲಿ ಮನೆ ಬಿಡಿಸಿದ ಸಂಕಟಕ್ಕೆ ಹೋದ ಜೀವಗಳು ಎರಡು ಸಾವಿರಕ್ಕೂ ಮಿಕ್ಕಿ. ಕೈಗಾದಲ್ಲೂ ಎಲ್ಲ ಸರಿಯಿತ್ತು ಅನ್ನುತ್ತಿಲ್ಲ. 1994ರಲ್ಲಿ ಕಟ್ಟುತ್ತಿರುವಾಗಲೇ ಗುಮ್ಮಟದ ಒಳಭಾಗ ಕುಸಿಯಿತು. 2009ರಲ್ಲಿ ಕುಡಿಯುವ ನೀರಿನ ಕೂಲರಿನಲ್ಲೇ ಟ್ರಿಟಿಯಂ ಎಂಬ ವಿಕಿರಣ ಸೂಸುವ ವಸ್ತು ಸೇರಿ ಕೆಲಸಗಾರರ ಮೈಗೆ ಹೋಯಿತು. ಅದರ ಬಗ್ಗೆ ಪ್ರಶ್ನೆ ಕೇಳಲೇಬೇಕು, ಕೇಳಿದವರಿಗೆ ನನ್ನ ನಮಸ್ಕಾರ. ಆದರೆ ಊರು ಖಾಲಿಯಾಗುವ ಭಯವೇ ಅಳತೆಯಾದರೆ ಅಣೆಕಟ್ಟಿನ ಬಗ್ಗೆ ಯಾಕೆ ಸುಮ್ಮನಿದ್ದೇವೆ? ಚೀನಾದ ಬಾಂಕಿಯಾವೊ 1975ರಲ್ಲಿ ಒಡೆದು ಹತ್ತಾರು ಸಾವಿರ ಜನ ಹೋದರು. ಕೈಗಾದ ಪಕ್ಕದ ಇದೇ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಹಳೇ ಸೂಪಾ ಪೇಟೆಯೇ ಮುಳುಗಿತು. 2019ರಲ್ಲಿ ಅದೇ ನದಿಯ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಡ್ಯಾಮ್ ನೋಡಲು ಮಾತ್ರ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ.

ನನ್ನ ಸಿಟ್ಟು ಕೈಗಾ ವಿರೋಧಿಸುವವರ ಮೇಲಲ್ಲ. ಕಾಡು ಹೋಗುತ್ತದೆ ಅನ್ನಿ, ಕಾಳಿಗೆ ಇನ್ನೆಷ್ಟು ಭಾರ ಹೊರಿಸುತ್ತೀರಿ ಅನ್ನಿ, ನಾನೂ ಜೊತೆಗೆ ಬರುತ್ತೇನೆ. ಸುರಕ್ಷತೆ ಅಂದರೆ ಅಣುವಿನದ್ದು ಮಾತ್ರ ಎಂದುಕೊಂಡು, ದಿನಾ ಹೆಂಗಸರ ಎದೆಗಿಳಿಯುವುದನ್ನು ಕೈಬೀಸಿ ಆಚೆ ತಳ್ಳುವುದಿದೆಯಲ್ಲ, ಅದರ ಮೇಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಮಾಡಿಕೊಟ್ಟಿದ್ದು 1980ರ ದಶಕದಲ್ಲಿ. ಕೈಗಾದಲ್ಲಿ ಕರೆಂಟು ಹುಟ್ಟುವುದಕ್ಕೂ ಎಷ್ಟೋ ಮೊದಲು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಮಾಡಿನ ಮೇಲಿಂದ ಹೊರಗೆ ಹೋಗುತ್ತದೆ. ಅಮ್ಮನ ಅಡುಗೆ ಈಗ ಗ್ಯಾಸಿನಲ್ಲಿ. ಸ್ನಾನದ ಹಂಡೆ ಮಾತ್ರ ಇನ್ನೂ ಕಟ್ಟಿಗೆಯದ್ದೇ. ಮಳೆಗಾಲದಲ್ಲಿ ಸೋಲಾರ್ ಕೆಲಸಕ್ಕೆ ಬರುವುದಿಲ್ಲ, ಗೀಸರ್ ಅಂದರೆ ಕರೆಂಟೇ ಸರಿಯಾಗಿ ಇರುವುದಿಲ್ಲ. ಶಿರಸಿ, ಯಲ್ಲಾಪುರದ ಕಡೆ ಕೊಳವೆ ಇಟ್ಟು ಬಚ್ಚಲ ಒಲೆ ಸರಿಯಾಗಿ ಕಟ್ಟಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ತಿಳಿಸಿ. ಮಳೆ ಹಿಡಿಯುವ ಮೊದಲು ಆಗಬೇಕು, ಅತ್ತಿಗೆಯ ಮನೆಗೂ ಒಂದು.