ಸ್ಪಷ್ಟನೆ: ಸ್ಮಾರ್ಟ್‌ವಾಚ್ ತೋರಿಸುವ ವಿಒ2 ಮ್ಯಾಕ್ಸ್ ಒಂದು ಅಂದಾಜು, ಅಳತೆಯಲ್ಲ

“ಸ್ಮಾರ್ಟ್‌ವಾಚ್‌ನ ವಿಒ2 ಮ್ಯಾಕ್ಸ್ ಪ್ರಯೋಗಾಲಯದ ಫಲಿತಾಂಶಕ್ಕೆ ಸಮ, ಆ ಸಂಖ್ಯೆ ಹೆಚ್ಚಿರುವವರೇ ಮ್ಯಾರಥಾನ್‌ನಲ್ಲಿ ಮುಂದಿರುತ್ತಾರೆ” ಎಂಬ ಸಂದೇಶವೊಂದು ಓಟಗಾರರ ನಡುವೆ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ಸರಿಯಲ್ಲ. ವಿಒ2 ಮ್ಯಾಕ್ಸ್ ಎಂದರೆ ತೀವ್ರ ಶ್ರಮದ ವೇಳೆ ದೇಹವು ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ.

ವಾಚ್ ಆಮ್ಲಜನಕದ ಬಳಕೆಯನ್ನು ಅಳೆಯುವುದೇ ಇಲ್ಲ. ಮುಖ್ಯವಾಗಿ ಹೃದಯ ಬಡಿತವನ್ನು ಓಟದ ವೇಗದೊಂದಿಗೆ ಹೋಲಿಸಿ ಅದು ಲೆಕ್ಕ ಹಾಕುತ್ತದೆ. ಬಿಸಿಲಿನ ತಾಪ, ದೇಹದಲ್ಲಿ ನೀರಿನ ಕೊರತೆ, ಸಡಿಲವಾದ ಪಟ್ಟಿ ಇವುಗಳಲ್ಲಿ ಯಾವುದೊಂದಿದ್ದರೂ ಲೆಕ್ಕ ತಪ್ಪಬಹುದು. ಪ್ರಯೋಗಾಲಯದಲ್ಲಾದರೋ, ಮಾಸ್ಕ್ ಧರಿಸಿದ ಕ್ರೀಡಾಪಟು ಟ್ರೆಡ್‌ಮಿಲ್ ಅಥವಾ ಸೈಕಲ್ ಎರ್ಗೋಮೀಟರ್ (ಶ್ರಮವನ್ನು ಅಳೆಯುವ, ನಿಂತಲ್ಲೇ ತುಳಿಯುವ ಸೈಕಲ್) ಮೇಲೆ, ಸಾಮಾನ್ಯವಾಗಿ 8ರಿಂದ 12 ನಿಮಿಷಗಳಲ್ಲಿ ಸಂಪೂರ್ಣ ದಣಿಯುವಂತೆ ಹಂತಹಂತವಾಗಿ ಏರುವ ಶ್ರಮವನ್ನು ನಿಭಾಯಿಸುತ್ತಿರುವಾಗ, ಉಸಿರಾಡಿದ ಗಾಳಿಯ ಪ್ರಮಾಣವನ್ನೂ ಅದರಲ್ಲಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಪಾಲನ್ನೂ ಯಂತ್ರ ನೇರವಾಗಿ ಅಳೆಯುತ್ತದೆ. ಶ್ರಮ ಹೆಚ್ಚಿದರೂ ಆಮ್ಲಜನಕದ ಬಳಕೆ ಮತ್ತೆ ಏರದೆ ನಿಲ್ಲುವ ಮಟ್ಟವೇ ವಿಒ2 ಮ್ಯಾಕ್ಸ್. ಆ ನಿಲುಗಡೆ ಎಲ್ಲರಲ್ಲೂ ಸ್ಪಷ್ಟವಾಗಿ ಕಾಣದಿರುವುದರಿಂದ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಬಳಸಿದ ಆಮ್ಲಜನಕದ ಅನುಪಾತ 1.10 ದಾಟಿದೆಯೇ (ಪೂರ್ಣ ಶ್ರಮ ಹಾಕಿದ್ದರ ಒಂದು ಸೂಚನೆ) ಎಂಬುದನ್ನೂ ಪರೀಕ್ಷಕರು ಗಮನಿಸುತ್ತಾರೆ. ಓಟಗಾರರ ಫಲಿತಾಂಶ ಸೈಕಲ್ ಮೇಲೆ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಆದ್ದರಿಂದ ಅವರನ್ನು ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸುವುದೇ ಸೂಕ್ತ.

ಇನ್ನು ಗೆಲುವಿನ ಮಾತು. ವಿಒ2 ಮ್ಯಾಕ್ಸ್ ಕೇವಲ ಮೇಲ್ಮಿತಿ. ಅದರ ಎಷ್ಟು ಪಾಲನ್ನು ಗಂಟೆಗಟ್ಟಲೆ ಕಾಯ್ದುಕೊಳ್ಳಬಲ್ಲರು, ನಿರ್ದಿಷ್ಟ ವೇಗಕ್ಕೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುವೂ ಫಲಿತಾಂಶವನ್ನು ನಿರ್ಧರಿಸುತ್ತವೆ. ಹೀಗಾಗಿ ಸಮಾನ ವಿಒ2 ಮ್ಯಾಕ್ಸ್ ಇರುವ ಇಬ್ಬರು ಬೇರೆ ಬೇರೆ ಸಮಯದಲ್ಲಿ ಗುರಿ ಮುಟ್ಟಬಹುದು.

ಸ್ವಂತ ತರಬೇತಿಯ ಏರಿಳಿತ ಗಮನಿಸಲು ವಾಚ್ ಉಪಯುಕ್ತವೇ. ಆದರೆ ಈ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.