ಕಿವಿಗೆ ಹೂವು, ಜೊತೆಗೊಂದು ವೈರು

ಡಬ್ಬದ ಮೇಲೆ ಒಬ್ಬ ಓಡುತ್ತಿದ್ದಾನೆ. ಮೈತುಂಬ ಬೆವರು, ಮುಖದ ತುಂಬ ನಗು. ಕಿವಿಯಲ್ಲಿ ಇಯರ್‌ಫೋನ್ ಇದೆ. ವೈರು ಮಾತ್ರ ಗದ್ದದ ಹತ್ತಿರ ಬರುವಷ್ಟರಲ್ಲಿ ಮಾಯ. ವೈರಿರುವ ಇಯರ್‌ಫೋನಿನ ಚಿತ್ರದಲ್ಲಿ ವೈರನ್ನೇ ಅಳಿಸಿ ಹಾಕಿದ ಆ ಕಲಾವಿದನಿಗೆ ನನ್ನದೊಂದು ದೊಡ್ಡ ನಮಸ್ಕಾರ. ಈ ವಸ್ತುವಿನ ತೊಂದರೆ ಎಲ್ಲಿದೆ ಅಂತ ಇಡೀ ಕಂಪನಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಅಗ್ಗದ ಇಯರ್‌ಫೋನ್ ಕೊಳ್ಳುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಹಾಡು ಕೇಳಬೇಕು, ಫೋನ್ ಬಂದರೆ ಮಾತಾಡಬೇಕು, ಬೆಳಿಗ್ಗೆ ಓಡುವಾಗ ಕಿವಿಯಿಂದ ಬೀಳಬಾರದು. ಇಷ್ಟೇ. ಆದರೆ ಈ ಮೂರಕ್ಕೆ ಉತ್ತರ ಯಾರೂ ಹೇಳುವುದಿಲ್ಲ. ನಾನು ಕೇಳದೇ ಇದ್ದ ಮೂವತ್ತು ಪ್ರಶ್ನೆಗೆ ಮಾತ್ರ ಎಲ್ಲರ ಬಳಿಯೂ ಉತ್ತರ ಸಿದ್ಧ.

ಡಬ್ಬದ ಹಿಂಬದಿಯನ್ನೇ ನೋಡಿ. '5 ಹರ್ಟ್ಜ್‌ನಿಂದ 40,000 ಹರ್ಟ್ಜ್‌ವರೆಗೆ' ಅಂತ ದಪ್ಪಕ್ಷರದಲ್ಲಿ ಬರೆದಿದೆ. ಹರ್ಟ್ಜ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20ರಿಂದ 20,000 ಹರ್ಟ್ಜ್. ಅದೂ ಎಳೆ ವಯಸ್ಸಿನಲ್ಲಿ. ವರ್ಷ ಕಳೆದಂತೆ ಮೇಲಿನ ತುದಿ ಸವೆಯುತ್ತಾ ಬರುತ್ತದೆ. ಹಾಗಾಗಿ ಈ ಇಯರ್‌ಫೋನಿನ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ನಾನು ಕೊಂಡಿದ್ದು ನಾಯಿಗೆ. ನಾಯಿಗೆ ಆ ಮೇಲಿನದೆಲ್ಲಾ ಕೇಳಿಸುತ್ತದೆ, ನಿಜ. ಆದರೆ ಅದರ ಕಿವಿಯಲ್ಲಿ ಇದು ನಿಲ್ಲುವುದಿಲ್ಲ. ಇನ್ನು, ಸದ್ದಿನ ಮಟ್ಟ ಎಷ್ಟು ಡೆಸಿಬಲ್ ಏರಿಳಿತದೊಳಗೆ ಇರುತ್ತದೆ ಅಂತ ಹೇಳದೆ ಬರೀ ಎರಡು ತುದಿ ಬರೆಯುವುದೆಂದರೆ, 'ಎಲ್ಲಾ ಪರೀಕ್ಷೆಗೂ ಕೂತಿದ್ದೆ' ಅಂತ ಹೇಳಿ ಅಂಕ ಮುಚ್ಚಿಟ್ಟ ಹಾಗೆ.

ಪಿನ್ನಿಗೆ ಚಿನ್ನದ ಲೇಪ ಬೇರೆ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಚಿನ್ನ ಅವೆರಡರ ಹಿಂದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದರ ಗುಣ ಅಷ್ಟೇ. ಒಳ್ಳೆಯ ಗುಣವೇ. ಆದರೆ ಅಗ್ಗದ ಇಯರ್‌ಫೋನು ಸಾಯುವುದು ಕಿಲುಬಿನಿಂದಲ್ಲ. ಪಿನ್ನಿನ ಬುಡದಲ್ಲಿ ವೈರು ಬಾಗಿ ಬಾಗಿ ಒಳಗೇ ತುಂಡಾಗಿ ಸಾಯುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಹೊಸದರಂತೆ ಫಳಫಳ ಹೊಳೆಯುವ ಪಿನ್ನು ಮತ್ತು ಅದಕ್ಕೆ ನೇತಾಡುವ ಹೆಣ.

ಡಬ್ಬ ನಂಬಬೇಡ, ವಿಮರ್ಶೆ ನೋಡು ಅಂತ ತಿಳಿದವರು ಹೇಳಿದರು. ನೋಡಿದೆ. ವಿಮರ್ಶಕರು ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ, 'ಸೌಂಡ್‌ಸ್ಟೇಜ್ ತುಂಬಾ ವಿಶಾಲವಾಗಿದೆ' ಎನ್ನುತ್ತಾರೆ. ಸದ್ದು ಎಷ್ಟು ಅಗಲಕ್ಕೆ ಹರಡಿದಂತೆ ಕೇಳುತ್ತದೆ ಅಂತ ಅದರರ್ಥ. ಕಿವಿಯ ಕಾಲುವೆ ಇರುವುದೇ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಬಾಯಿಗೆ ರಬ್ಬರ್ ಬಿರಡೆ ಜಡಿದ ಮೇಲೆ ಒಳಗೆ ಅದೆಷ್ಟು ವಿಶಾಲ ರಂಗಮಂಟಪ ಕಟ್ಟಬಹುದೋ ನನಗಂತೂ ಗೊತ್ತಾಗಲಿಲ್ಲ. ಇನ್ನೊಬ್ಬರಿಗೆ ಮೇಲಿನ ಸ್ವರಗಳಲ್ಲಿ 'ಗಾಳಿ' ಸಿಕ್ಕಿತ್ತು. ಮತ್ತೊಬ್ಬರಿಗೆ ಬಾಸ್, ಅಂದರೆ ಕೆಳಗಿನ ದಪ್ಪ ಸ್ವರ, 'ಮಾಗಿದ' ಹಾಗೆ ಕೇಳಿಸಿತ್ತು. ಒಂದು ಹಣ್ಣಿನ ಅಂಗಡಿಯಲ್ಲಿ ಹೇಳಬೇಕಾದ ಮಾತೆಲ್ಲಾ ಇಲ್ಲಿ ಖರ್ಚಾಗಿ ಹೋಗಿತ್ತು.

ಇವರೆಲ್ಲರೂ ಒಪ್ಪುವ ಒಂದು ಶಾಸ್ತ್ರವಿದೆ. ಅದರ ಹೆಸರು 'ಬರ್ನ್-ಇನ್'. ಹೊಸ ಇಯರ್‌ಫೋನನ್ನು ನೂರು ಗಂಟೆ ಸುಮ್ನೆ ಹಾಡಿಸುತ್ತಾ ಬಿಡಬೇಕಂತೆ. ಆಮೇಲೆ ಸದ್ದು ಅರಳುತ್ತದಂತೆ. ಬದಲಾಗುವುದು ಬಹುಪಾಲು ಕೇಳುವವನೇ. ಕೆಟ್ಟ ಸದ್ದಿಗೂ ನೂರು ಗಂಟೆಯಲ್ಲಿ ಕಿವಿ ಹೊಂದಿಕೊಳ್ಳುತ್ತದೆ, ಮದುವೆ ಮನೆಯ ಮೈಕಿಗೆ ಹೊಂದಿಕೊಂಡ ಹಾಗೆ. ಶಾಸ್ತ್ರ ಮುಗಿಯುವ ಹೊತ್ತಿಗೆ ವಾಪಸ್ ಕೊಡುವ ಗಡುವೂ ಮುಗಿದಿರುತ್ತದೆ. ಇದು ಕಾಕತಾಳೀಯ ಅಂತಲೇ ನಂಬಿದ್ದೇನೆ.

ನನ್ನ ಗೆಳೆಯನೊಬ್ಬ ಈ ವಿದ್ಯೆಯಲ್ಲಿ ಪಳಗಿದವನು. ನನ್ನ ಹೊಸ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಹತ್ತೇ ಸೆಕೆಂಡಿಗೆ ಕಿತ್ತು ಕೊಟ್ಟ.

"ಬಾಸೇ ಇಲ್ವಲ್ಲೋ ಇದ್ರಲ್ಲಿ. ಒಳಗಿನ ಪುಟ್ಟ ಸ್ಪೀಕರ್ ಇದ್ಯಲ್ಲ, ಡ್ರೈವರ್, ಅದು ಸರಿ ಇಲ್ಲ."

"ಇನ್ನೊಂದ್ಸಲ ಹಾಕ್ಕೋ" ಅಂದೆ. ಹಾಕಿಕೊಂಡ. ನಾನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಅವನ ಹುಬ್ಬು ಮೇಲೇರಿತು.

"ಈಗ ಬಂತು! ಏನ್ ಮಾಡ್ದೆ?"

ಏನೂ ಮಾಡಲಿಲ್ಲ. ಕಿವಿ ಮತ್ತು ರಬ್ಬರಿನ ನಡುವೆ ಸಂದಿ ಇದ್ದರೆ ಬಾಸ್ ಅಲ್ಲಿಂದಲೇ ಸೋರಿ ಹೋಗುತ್ತದೆ. ಸಂದಿ ಮುಚ್ಚಿದರೆ ವಾಪಸ್ ಬರುತ್ತದೆ. ಅದಕ್ಕೇ ಡಬ್ಬದಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ರಬ್ಬರ್ ಇಟ್ಟಿರುತ್ತಾರೆ. ನಾವು ಆ ಪುಟ್ಟ ಪ್ಲಾಸ್ಟಿಕ್ ಕವರನ್ನು ಒಡೆಯದೆ ಡ್ರಾಯರಿಗೆ ಎಸೆಯುತ್ತೇವೆ. ಎಷ್ಟೋ ಜನರ ಎರಡು ಕಿವಿಯೂ ಒಂದೇ ಅಳತೆ ಇರುವುದಿಲ್ಲ. ನನ್ನ ಎಡಗಿವಿಗೆ ಮಧ್ಯಮ, ಬಲಗಿವಿಗೆ ದೊಡ್ಡದು ಬೇಕು. ಅಂದಮೇಲೆ ವಿಮರ್ಶೆ ಬರೆದವರು ಅಳೆದಿದ್ದು ಇಯರ್‌ಫೋನನ್ನೋ, ತಮ್ಮ ಕಿವಿ ತೂತನ್ನೋ? 'ಮೂರೂ ರಬ್ಬರ್ ಹಾಕಿ ನೋಡಿದೆ' ಅಂತ ಒಬ್ಬರಾದರೂ ಬರೆದಿದ್ದರೆ ಅವರ ಮನೆಗೆ ಹೋಗಿ ಹಾರ ಹಾಕಿ ಬರುತ್ತಿದ್ದೆ.

ಈಗ 'ಸ್ಪೋರ್ಟ್ಸ್' ವಿಷಯಕ್ಕೆ ಬರೋಣ. ಮಾಮೂಲಿ ಇಯರ್‌ಫೋನನ್ನು ಸ್ಪೋರ್ಟ್ಸ್ ಮಾಡುವುದು ಹೇಗೆ? ವೈರಿಗೆ ಕೆಂಪು ಬಣ್ಣ ಬಳಿಯಬೇಕು. ಕಿವಿಗೆ ಸಿಕ್ಕಿಸಲು ಒಂದು ಕೊಕ್ಕೆ ಕೊಡಬೇಕು. ಮುಗಿಯಿತು. ಪರೀಕ್ಷೆಯೂ ಅಷ್ಟೇ ಗಂಭೀರ. ವಿಮರ್ಶಕರು ಕುರ್ಚಿಯಲ್ಲಿ ಕೂತು ತಲೆಯನ್ನು ಎಡಕ್ಕೆ ಎರಡು ಸಲ, ಬಲಕ್ಕೆ ಎರಡು ಸಲ ಆಡಿಸುತ್ತಾರೆ. "ನೋಡಿ, ಬೀಳಲಿಲ್ಲ." ಹೀಗೆ ಓಡುವವರನ್ನು ನಾನು ಇದುವರೆಗೆ ನೋಡಿಲ್ಲ.

ನಾನು ನಿಜವಾಗಿ ಓಡಿದೆ. ನಸುಕಿನಲ್ಲಿ ಎದ್ದು ಮೊದಲು ಎಡ ಯಾವುದು, ಬಲ ಯಾವುದು ಅಂತ ಹುಡುಕಬೇಕಾಯಿತು. 'ಎಲ್' ಮತ್ತು 'ಆರ್' ಎರಡನ್ನೂ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಿನಲ್ಲೇ ಕೆತ್ತಿದ್ದರು, ಇರುವೆ ಕಾಲಿನಷ್ಟು. ಬಲ್ಬಿನ ಕೆಳಗೆ ಹಿಡಿದು ತಿರುಗಿಸಿ, ಉಗುರಿನಿಂದ ತಡವಿ, ಕೊನೆಗೆ ಅಂದಾಜಿನಲ್ಲಿ ಹಾಕಿಕೊಂಡು ಹೊರಟೆ.

ಹತ್ತು ಹೆಜ್ಜೆಗೆ ಹೊಸ ವಾದ್ಯವೊಂದು ಸೇರಿಕೊಂಡಿತು. ಧಡ್, ಧಡ್. ನನ್ನದೇ ಹಿಮ್ಮಡಿ. ಕಿವಿ ಬಿಗಿಯಾಗಿ ಮುಚ್ಚಿದಾಗ ಹೆಜ್ಜೆಯ ಸದ್ದು ಮೂಳೆಯ ಮೂಲಕ ಒಳಗಿನಿಂದಲೇ ಬಂದು ಕಿವಿಯಲ್ಲಿ ದೊಡ್ಡದಾಗುತ್ತದೆ. ಅದರ ಮೇಲೆ ವೈರು ಅಂಗಿಗೆ ತಿಕ್ಕಿದಾಗಲೆಲ್ಲಾ ಸರ್ ಸರ್ ಅಂತ ಇನ್ನೊಂದು. ಹಾಡುಗಾರ ಹಿನ್ನೆಲೆಗೆ ಸರಿದ, ನಾನೇ ಮುಖ್ಯ ಕಲಾವಿದನಾದೆ. ತಾಳ ಮಾತ್ರ ಯಾವುದಕ್ಕೂ ಕೂಡಲಿಲ್ಲ. ಇಪ್ಪತ್ತನೇ ಹೆಜ್ಜೆಗೆ ಮೊಣಕೈ ವೈರಿಗೆ ಸಿಕ್ಕಿ, ಎರಡೂ ಕಿವಿಯಿಂದ ಟಪ್ ಅಂತ ಕಿತ್ತು ಬಂದು, ಮೊಣಕಾಲಿನ ಹತ್ತಿರ ತೂಗಾಡತೊಡಗಿತು.

ಇದಕ್ಕೆ ಮದ್ದು ಇದೆ. ವೈರನ್ನು ಕಿವಿಯ ಮೇಲಿಂದ ಬಳಸಿ ಬೆನ್ನ ಹಿಂದೆ ಇಳಿಸಿ, ಕಾಲರಿಗೆ ಒಂದು ಪುಟ್ಟ ಕ್ಲಿಪ್ ಹಾಕಿದರೆ ತಿಕ್ಕುವ ಸದ್ದೂ ತಗ್ಗುತ್ತದೆ, ಕೈಗೆ ಸಿಕ್ಕುವುದೂ ತಪ್ಪುತ್ತದೆ. ನಾನು ಕೊಂಡ ಡಬ್ಬದಲ್ಲಿ ಚಿನ್ನದ ಪಿನ್ನಿತ್ತು, ಕೊಕ್ಕೆಯಿತ್ತು, ಆರು ಭಾಷೆಯ ಕೈಪಿಡಿ ಇತ್ತು. ಆ ಕ್ಲಿಪ್ ಒಂದು ಇರಲಿಲ್ಲ.

'ಹೊರಗಿನ ಸದ್ದು ಪೂರ್ತಿ ಬಂದ್' ಅಂತ ಅದೇ ಡಬ್ಬದ ಒಂದು ಮಗ್ಗುಲಲ್ಲಿ ಬರೆದಿದೆ. 'ರಸ್ತೆ ಓಟಕ್ಕೆ ಹೇಳಿ ಮಾಡಿಸಿದ್ದು' ಅಂತ ಇನ್ನೊಂದು ಮಗ್ಗುಲಲ್ಲಿ. ಹಿಂದಿನಿಂದ ಬರುವ ಲಾರಿಯ ಹಾರನ್ನೂ ಹೊರಗಿನ ಸದ್ದೇ ಅಲ್ವಾ? ಎರಡೂ ಮಗ್ಗುಲು ಬರೆದವರು ಒಬ್ಬರನ್ನೊಬ್ಬರು ಭೇಟಿಯಾಗಿಲ್ಲ ಅಂತ ಕಾಣುತ್ತದೆ.

ಬೆವರಿನ ಲೆಕ್ಕವೂ ಹೀಗೇ. 'ಐಪಿಎಕ್ಸ್4' ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಅಂತ. ನಡುವಿನ 'ಎಕ್ಸ್' ಅಂದರೆ ಧೂಳಿನ ಅಂಕಿ ಕೊಟ್ಟಿಲ್ಲ ಅಂತ. ಈ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ನಮ್ಮ ಬೆವರು ಉಪ್ಪು. ಕೆಲವು ತಿಂಗಳಲ್ಲಿ ಪಾರದರ್ಶಕ ವೈರಿನೊಳಗೆ ತಾಮ್ರ ಹಸಿರಾಗುವುದನ್ನು ನೋಡಿದವರಿಗೆ ಉಪ್ಪಿನ ಮಹಿಮೆ ಗೊತ್ತು. 'ಐಪಿಎಕ್ಸ್7' ಎಂಬ ಇನ್ನೂ ದೊಡ್ಡ ಬಿರುದಿದೆ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಏನೂ ಆಗಬಾರದು. ವೈರಿನ ಇನ್ನೊಂದು ತುದಿಯಲ್ಲಿರುವ ಫೋನಿನ ಗತಿ ಏನು ಅಂತ ಕೇಳಬೇಡಿ.

ಈ ವೈರಿನ ಬಗ್ಗೆ ಪ್ರಾಮಾಣಿಕವಾಗಿ ತಲೆ ಕೆಡಿಸಿಕೊಂಡವರು ಇಬ್ಬರೇ. ಅಮೆರಿಕದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬ ವಿಜ್ಞಾನಿಗಳು ಪೆಟ್ಟಿಗೆಯೊಳಗೆ ದಾರ ಹಾಕಿ 3,415 ಸಲ ಉರುಳಿಸಿ ನೋಡಿದರು. ಕೆಲವೇ ಸೆಕೆಂಡಿನಲ್ಲಿ ಗಂಟು ಬೀಳುತ್ತಿತ್ತು. 46 ಸೆಂಟಿಮೀಟರಿಗಿಂತ ಗಿಡ್ಡ ದಾರಕ್ಕೆ ಮಾತ್ರ ಬೀಳಲಿಲ್ಲ. 2007ರಲ್ಲಿ ಇದನ್ನು ಪ್ರಕಟಿಸಿದರು. ಮರುವರ್ಷ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ನಮ್ಮ ಇಯರ್‌ಫೋನಿನ ವೈರು ಸುಮಾರು 120 ಸೆಂಟಿಮೀಟರ್. ಜೇಬಿಗೆ ಹಾಕಿ ನಾಲ್ಕು ಮೆಟ್ಟಿಲು ಇಳಿದರೆ ಸಾಕು, ಜೇಡವೂ ನಾಚಬೇಕು.

ಇಷ್ಟೆಲ್ಲಾ ಆದಮೇಲೆ ಪಿನ್ನನ್ನು ಚುಚ್ಚಲು ತೂತು ಬೇಕಲ್ಲ. ಈ ಪಿನ್ನಿನ ದೊಡ್ಡಣ್ಣ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸಕ್ಕಿದ್ದ. 3.5 ಎಂಎಂನ ಈ ತಮ್ಮ ಟ್ರಾನ್ಸಿಸ್ಟರ್ ರೇಡಿಯೊ ಕಾಲದಲ್ಲಿ ಬಂದು, 1979ರ ವಾಕ್‌ಮನ್ ಜೊತೆ ಮನೆಮಾತಾದ. ಎಫ್ಎಂ ಇದ್ದ ಫೋನುಗಳಲ್ಲಿ ಆಂಟೆನಾ ಕೆಲಸವನ್ನೂ ಈ ವೈರೇ ಮಾಡುತ್ತಿತ್ತು, ಸಂಬಳ ಜಾಸ್ತಿ ಕೇಳದೆ. 2016ರಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ ಆ ತೂತನ್ನು ಮುಚ್ಚಿತು. ಕಾರಣ ಕೇಳಿದರೆ ವೇದಿಕೆಯ ಮೇಲಿನಿಂದ ಬಂದ ಮಾತು: 'ಧೈರ್ಯ'. ಗೇಲಿ ಮಾಡಿ ನಕ್ಕ ಕಂಪನಿಗಳೂ ಎರಡು ಮೂರು ವರ್ಷದೊಳಗೆ ಧೈರ್ಯ ತಂದುಕೊಂಡವು. ಈಗ ಗಿಡ್ಡ ಬಾಲದಂಥ ಒಂದು ಅಡಾಪ್ಟರ್ ಬೇಕು. ಅದು ಕಳೆದುಹೋಗಲೆಂದೇ ಹುಟ್ಟಿದ ವಸ್ತು.

ನನ್ನ ಇಯರ್‌ಫೋನು ಏಳನೇ ತಿಂಗಳಿಗೆ ಬಲಗಿವಿಯಲ್ಲಿ ಮೂಕವಾಯಿತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುವುದು ಎಂಬ ಮಾತಿಗೆ ಅರ್ಥ ಸಿಕ್ಕಿದ್ದು ಆಗಲೇ. ಪಿನ್ನಿನ ಬುಡವನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ, ವೈರನ್ನು ಫೋನಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಹಾಡು ಬರುತ್ತಿತ್ತು. ಉಸಿರಾಡಿದರೆ ಹೋಗುತ್ತಿತ್ತು. ಹೀಗೆ ಮೂರು ವಾರ ಬದುಕಿಸಿಕೊಂಡೆ. ಬುಡದಲ್ಲಿ ಇನ್ನೊಂದು ಸೆಂಟಿಮೀಟರ್ ಮೆತ್ತನೆ ರಬ್ಬರ್ ತೋಳು ಹಾಕಿದ್ದರೆ, ಇಲ್ಲಾ ಪಿನ್ನನ್ನು ಮೊಣಕೈ ಹಾಗೆ ಬಾಗಿಸಿದ್ದರೆ, ಇನ್ನಷ್ಟು ದಿನ ಬಾಳುತ್ತಿತ್ತೇನೋ. ಇದು ಯಾವ ವಿಮರ್ಶೆಯಲ್ಲೂ ಇರಲಿಲ್ಲ. ಹೇಗಿರುತ್ತದೆ? ಅವರು ಮೂರನೇ ದಿನಕ್ಕೆ ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಟ್ಟು ಮುಂದಿನ ಡಬ್ಬ ಒಡೆದಿದ್ದರು.

ನಾನೂ ಮೊನ್ನೆ ಹೊಸ ಡಬ್ಬ ತಂದೆ. ಇದರ ಮೇಲೂ ಒಬ್ಬ ಓಡುತ್ತಿದ್ದಾನೆ. ಈ ಸಲ ವೈರು ಅಳಿಸಿಲ್ಲ, ಕಿವಿಯಿಂದ ಸೊಂಟದವರೆಗೆ ಕೆಂಪಗೆ ಚೆನ್ನಾಗಿ ಕಾಣುತ್ತದೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಅವನ ಚಡ್ಡಿಗೆ ಜೇಬೇ ಇಲ್ಲ.